ಶಾಲೆ ಪ್ರಾಜೆಕ್ಟಿಗೆ ಇದೇ ಸಾಫ್ಟ್‌ವೇರ್ ಬೇಕು ಅಂದರೆ ಮಕ್ಕಳು ಏನು ಮಾಡಬೇಕು? ಹಾಸನ ಕಡೆಯವರು ಹೇಳಿ

ಹೇಮಾವತಿ ದಂಡೆ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳು ಹಾಸನದಲ್ಲಿ ಒಂಬತ್ತನೇ ಕ್ಲಾಸ್. ಸಮಾಜ ವಿಜ್ಞಾನಕ್ಕೆ ನಮ್ಮೂರ ಕೆರೆ ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ನಮ್ಮತ್ತೆ ಊರು ಆಲೂರಿನ ಹತ್ತಿರ. ಎರಡು ಭಾನುವಾರ ಅಲ್ಲಿಗೆ ಹೋಗಿ ಕೆರೆ ಏರಿಯನ್ನು ಹೆಜ್ಜೆ ಲೆಕ್ಕದಲ್ಲಿ ಅಳೆದಳು. ತೂಬಿನ ಫೋಟೋ ತೆಗೆದಳು. ಹಿಂದೆ ಗದ್ದೆಗೆ ನೀರು ಬಿಡುವ ಸರದಿ ಹೇಗಿತ್ತು ಅಂತ ಇಬ್ಬರು ಅಜ್ಜಂದಿರನ್ನು ಕೇಳಿ ಬರೆದುಕೊಂಡಳು. ಎಂಟು ಪುಟ ಆಯಿತು. ಪೂರ್ತಿ ಕನ್ನಡದಲ್ಲಿ, ಅವಳೇ ಟೈಪ್ ಮಾಡಿದ್ದು.

ನಮ್ಮನೆಯಲ್ಲಿ ಇರುವುದು ಹಳೇ ಲ್ಯಾಪ್‌ಟಾಪ್. ನನ್ನ ತಮ್ಮ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದಾನೆ. ಅದರ ಜೊತೆಗೇ ವರ್ಡ್ ತರದ ಕೆಲಸ ಮಾಡುವ ಲಿಬ್ರೆಆಫೀಸ್ ಬರುತ್ತದೆ. ಆರನೇ ಕ್ಲಾಸಿನಿಂದ ಅವಳು ಅದರಲ್ಲೇ ಬರೆಯುತ್ತಿದ್ದಾಳೆ. ಅದರ ಫೈಲಿಗೆ ಓಡಿಟಿ ಅಂತಾರೆ.

ಪೆನ್‌ಡ್ರೈವ್ ಕೊಟ್ಟ ಮಾರನೇ ದಿನ ಅದು ವಾಪಸ್ ಬಂತು. ‘ಓಡಿಟಿ ಫೈಲ್ ತಗೊಳ್ಳಲ್ಲ. ವರ್ಡ್‌ನಲ್ಲಿ, ನುಡಿ ಫಾಂಟಿನಲ್ಲಿ ಮಾಡ್ಕೊಂಡು ಬಾ’ ಅಂದರಂತೆ. ನಮ್ಮಲ್ಲಿ ವರ್ಡ್ ಇಲ್ಲ ಸರ್ ಅಂದಿದ್ದಕ್ಕೆ ‘ಎಲ್ಲರ ಮನೆಯಲ್ಲೂ ಇದೆ, ಹಾಕಿಸ್ಕೋ’ ಅಂದಿದ್ದಾರೆ. ಹತ್ತಕ್ಕೆ ಮೂರು ಅಂಕ. ಮನೆಗೆ ಬಂದು ಅತ್ತಳು. ಅಂಕ ಹೋಯಿತು ಅಂತಲ್ಲ. ‘ಅಮ್ಮಾ, ಕೆರೆ ಬಗ್ಗೆ ಅವರು ಓದೇ ಇಲ್ಲ’ ಅಂತ.

ಆ ಮೇಷ್ಟ್ರು ಕೆಟ್ಟವರಲ್ಲ, ಚೆನ್ನಾಗಿ ಪಾಠ ಮಾಡುತ್ತಾರೆ. ಆದರೆ ಶಾಲೆ ಕೇಳಬೇಕಾದ್ದು ಮಗು ಮಾಡಿದ ಕೆಲಸವನ್ನು ಅಲ್ವಾ? ಯಾವ ಪೆನ್ನಿನಲ್ಲಿ ಬರೆದೆ, ಯಾವ ಅಂಗಡಿಯಲ್ಲಿ ಕೊಂಡೆ ಅಂತ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಅಂದ ಕೂಡಲೇ ಒಂದೇ ಕಂಪನಿಯ ಸಾಮಾನು ಯಾಕೆ ಕಡ್ಡಾಯ? ಶನಿವಾರ ಶಾಲೆಗೆ ಹೋಗಿ ಮಾತಾಡಬೇಕು ಅಂದುಕೊಂಡಿದ್ದೇನೆ. ಏನು ಹೇಳಲಿ, ಹೇಗೆ ಹೇಳಲಿ, ತಿಳಿದವರು ಹೇಳಿ.

ಬಿಎಂ ರಸ್ತೆ ಸರ್ವಿಸ್ · ಭಾನುವಾರ ರಾತ್ರಿ 10.15

ಅಕ್ಕಾ, ‘ಹಾಕಿಸ್ಕೋ’ ಅನ್ನೋ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ನಾನು ಹದಿಮೂರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಅಪ್ಪ ಅಮ್ಮ ಲ್ಯಾಪ್‌ಟಾಪ್ ತಂದು ‘ಸ್ಕೂಲಲ್ಲಿ ಕೇಳ್ತಿದ್ದಾರೆ, ಅದೊಂದು ಹಾಕ್ಕೊಡಿ’ ಅಂತಾರೆ. ಕಂಪನಿಗೆ ದುಡ್ಡು ಕಟ್ಟಿ ಕೊಳ್ಳಬೇಕು ಅಂತ ಹೇಳಿದರೆ ‘ಪಕ್ಕದ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಹಾಕ್ತಾರೆ’ ಅಂತಾರೆ. ಅದು ಕ್ರ್ಯಾಕ್ ಕಾಪಿ, ಅಂದರೆ ಲೈಸೆನ್ಸ್ ಇಲ್ಲದ ಕದ್ದ ಪ್ರತಿ. ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಬೇಕು. ಆಮೇಲೆ ಆ ಮಿಷನ್ನಿಗೆ ಏನೇನು ಬಂದು ಸೇರಿಕೊಳ್ಳುತ್ತೆ ಅಂತ ಯಾರೂ ನೋಡಲ್ಲ. ಪೆನ್‌ಡ್ರೈವ್ ತೆರೆದರೆ ಎಲ್ಲ ಫೋಲ್ಡರೂ ಶಾರ್ಟ್‌ಕಟ್ ಆಗಿ ಕೂತಿರುತ್ತದೆ. ಅದೇ ಪೆನ್‌ಡ್ರೈವ್ ಮಾರನೇ ದಿನ ಸ್ಕೂಲ್ ಲ್ಯಾಬಿಗೆ ಹೋಗುತ್ತದೆ.

ನಾನು ಕ್ರ್ಯಾಕ್ ಹಾಕುವುದು ಬಿಟ್ಟು ಆರು ವರ್ಷ ಆಯಿತು. ಗಿರಾಕಿ ಕಡಿಮೆ ಆದರು, ಪರವಾಗಿಲ್ಲ. ಮಗುವಿನ ಮೊದಲನೇ ಕಂಪ್ಯೂಟರ್ ಪಾಠ ಕದ್ದ ಮಾಲಿನಲ್ಲಿ ಶುರು ಆಗಬಾರದು.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದ್ದೋ ಅದಕ್ಕಿಂತ ಹೊಸದೋ ಇರಬೇಕು. ನಮ್ಮ ಕಡೆ ಮನೆಗಳಲ್ಲಿ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಅದಕ್ಕಿಂತ ಹಳೆಯವು. ಅವು ಕೆಟ್ಟಿಲ್ಲ, ಚೆನ್ನಾಗೇ ಓಡುತ್ತವೆ. ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೆ ಸಾಕು, 4 ಇದ್ದರೆ ಆರಾಮ. ನಿಮ್ಮ ತಮ್ಮ ಮಾಡಿದ್ದು ಸರಿಯಾದ ಕೆಲಸ.

ಲ್ಯಾಬ್ ಟೀಚರ್ · ಭಾನುವಾರ ರಾತ್ರಿ 10.50

ನಾನು ಚಿಕ್ಕಮಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

ನನಗೆ ಇರುವುದು ವಾರಕ್ಕೆ ಎರಡು ಪೀರಿಯಡ್. ಒಂದೊಂದು 40 ನಿಮಿಷ. ಮಕ್ಕಳು 46, ಕಂಪ್ಯೂಟರ್ 18, ಅದರಲ್ಲಿ ಮೂರು ಕೆಟ್ಟಿವೆ. ಮಕ್ಕಳು ಬಂದು ಕೂರುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಪುಸ್ತಕದಲ್ಲಿ ಮೇಲ್ ಮರ್ಜ್ (ಒಂದೇ ಪತ್ರವನ್ನು ಹಲವರ ಹೆಸರಿಗೆ ಮಾಡುವುದು) ಪಾಠಕ್ಕೆ ‘ಮೇಲಿಂಗ್ಸ್ ಟ್ಯಾಬ್ ಒತ್ತಿ’ ಅಂತ ಚಿತ್ರ ಸಮೇತ ಇದೆ. ಲಿಬ್ರೆಆಫೀಸಿನಲ್ಲಿ ಅದು ಟೂಲ್ಸ್ ಮೆನು ಒಳಗಿದೆ. ಪರೀಕ್ಷೆಯಲ್ಲಿ ‘ಮೇಲ್ ಮರ್ಜ್ ಯಾವ ಟ್ಯಾಬಿನಲ್ಲಿದೆ?’ ಅಂತ ಒಂದು ಅಂಕದ ಪ್ರಶ್ನೆ ಬರುತ್ತದೆ. ಟೂಲ್ಸ್ ಅಂತ ಬರೆದ ಮಗುವಿಗೆ ನಾನು ಏನು ಹಾಕಲಿ? ಪ್ರಶ್ನೆಪತ್ರಿಕೆ ನಾನು ಮಾಡುವುದಲ್ಲ.

46 ಮಕ್ಕಳು 46 ತರದ ಫೈಲ್ ತಂದರೆ ಎಲ್ಲವನ್ನೂ ತೆರೆದು ನೋಡುವುದಕ್ಕೆ ಸಮಯ ಎಲ್ಲಿದೆ? ಓದು ಮುಗಿಸಿದ ಮೇಲೆ ಇಲ್ಲಿ ಕೆಲಸ ಸಿಗುವುದು ಡಿಟಿಪಿ ಸೆಂಟರು, ಆಡಿಟರ್ ಆಫೀಸು. ಅಲ್ಲಿ ಕೇಳುವುದು ‘ವರ್ಡ್, ಎಕ್ಸೆಲ್ ಬರುತ್ತಾ?’ ಅಂತ. ನಾನು ಮಗುವಿಗೆ ಮೋಸ ಮಾಡಬಾರದು ಅಂತಲೇ ಅದನ್ನು ಕಲಿಸುತ್ತೇನೆ.

ಪಶ್ಚಿಮದ ಮಳೆ · ಸೋಮವಾರ ಬೆಳಿಗ್ಗೆ 6.20

ಟೀಚರ್, ನಿಮ್ಮ ಕಷ್ಟ ನಿಜ. ನಾನೂ ಮೇಷ್ಟ್ರೇ. ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಅನುಭವ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ವಿಷಯ ಶಿಕ್ಷಕರ ವೇದಿಕೆ ಶುರುವಾಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಅನ್ನುವ ಲಿನಕ್ಸ್ ಮೇಲೆ ತರಬೇತಿ. ಅಲ್ಲಿಯವರೆಗೆ ನಾನು ಮೌಸ್ ಹಿಡಿದವನಲ್ಲ. ತರಬೇತಿಯಲ್ಲಿ ಜಿಯೋಜಿಬ್ರಾ ಅನ್ನುವ ಗಣಿತದ ತಂತ್ರಾಂಶ ತೋರಿಸಿದರು. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಮೂರು ಕೋನವೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿರುತ್ತದೆ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಆವತ್ತು ಕಣ್ಣಾರೆ ಕಂಡೆ.

ಶಾಲೆಗೆ ಬಂದು ಲ್ಯಾಬಿನ ಹತ್ತು ಮಿಷನ್ನಿಗೂ ಉಬುಂಟು ಹಾಕಿದೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಒಂದು ಮಗು ‘ಸಾರ್, ಇದನ್ನ ಮನೆಗೆ ತಗೊಂಡು ಹೋಗಬಹುದಾ?’ ಅಂತ ಕೇಳಿತು. ತಗೊಂಡು ಹೋಗು, ನಿಮ್ಮಣ್ಣನಿಗೂ ಕೊಡು ಅಂದೆ. ಕಾಪಿ ಮಾಡಿ ಹಂಚುವುದು ಅಲ್ಲಿ ತಪ್ಪಲ್ಲ, ಅದು ನಮ್ಮ ಹಕ್ಕು. ಬೇರೆ ಸಾಫ್ಟ್‌ವೇರ್ ಆಗಿದ್ದರೆ ಅದೇ ಮಗುವಿಗೆ ‘ಬೇಡಪ್ಪಾ’ ಅನ್ನಬೇಕಿತ್ತು. ಹಂಚಿಕೊಂಡು ತಿನ್ನಿ ಅಂತ ಹೇಳಿಕೊಡುವ ಜಾಗದಲ್ಲಿ ನಿಂತು ಹಾಗೆ ಹೇಳುವುದು ನನಗೆ ಆಗುವುದಿಲ್ಲ.

ಕಷ್ಟವೂ ಇತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನಾಲ್ಕು ದಿನ. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಬದಲಾಗಲಿಲ್ಲ. ನನಗೆ ವರ್ಗ ಆದ ಮೇಲೆ ಹಳೇ ಶಾಲೆಯಲ್ಲಿ ಪಾಸ್‌ವರ್ಡ್ ಬರೆದಿಟ್ಟ ಚೀಟಿಯೇ ಕಳೆದುಹೋಗಿ ಲ್ಯಾಬಿಗೆ ಬೀಗ ಬಿತ್ತು. ಸಾಫ್ಟ್‌ವೇರ್ ಯಾವುದೇ ಇರಲಿ, ಕಲಿಸುವವರು ಒಬ್ಬರ ಮೇಲೆ ನಿಂತಿದ್ದರೆ ಹೀಗೇ ಆಗುತ್ತದೆ.

ಎರಡನೇ ವರ್ಷ ಸಿಎಸ್ · ಸೋಮವಾರ ಬೆಳಿಗ್ಗೆ 8.05

ಹೇಮಾವತಿ ಅಕ್ಕಾ, ಶನಿವಾರ ಮಾತಾಡುವಾಗ ಈ ಎರಡು ವಿಷಯ ಹೇಳಿ.

ಓಡಿಟಿ ಅನ್ನುವುದು ಯಾವುದೋ ಮೂಲೆಯ ಫೈಲ್ ಅಲ್ಲ. ಅದು ಸೇರಿರುವ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್ 2006ರಲ್ಲೇ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ ಆಗಿದೆ. ಅಷ್ಟೇ ಅಲ್ಲ, ವರ್ಡ್ ಕೂಡ ಅದನ್ನು ತೆರೆಯುತ್ತದೆ. ಆಫೀಸ್ 2007ಕ್ಕೆ 2009ರಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕಿನಿಂದಲೇ ಆ ಸೌಲಭ್ಯ ಇದೆ. ಮೇಷ್ಟ್ರು ಡಬಲ್ ಕ್ಲಿಕ್ ಮಾಡಿದ್ದರೆ ತೆರೆದುಕೊಳ್ಳುತ್ತಿತ್ತು.

ಎರಡನೆಯದು, ಕೇಂದ್ರ ಸರ್ಕಾರ 2012ರಲ್ಲಿ ಶಾಲಾ ಶಿಕ್ಷಣದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ನೀತಿ ತಂದಿತು. ಶಾಲೆಗಳಲ್ಲಿ ಸ್ವತಂತ್ರ ಮತ್ತು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಅಂತ ಅದರಲ್ಲೇ ಇದೆ. ಕಲಿಯುವುದು, ತಾವೇ ಮಾಡುವುದು, ಹಂಚಿಕೊಳ್ಳುವುದು ಜಾಸ್ತಿ ಆಗಲಿ ಅಂತ ಕಾರಣವನ್ನೂ ಕೊಟ್ಟಿದ್ದಾರೆ.

ಲಿನಕ್ಸ್, ಲಿಬ್ರೆಆಫೀಸ್ ತರದ ಸ್ವತಂತ್ರ ತಂತ್ರಾಂಶವನ್ನು ಜನ ಬಿಟ್ಟಿ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಅಂತ ಒಂದೇ ಪದ, ಅದಕ್ಕೇ ಈ ಗೊಂದಲ. ನಮಗೆ ಪುಣ್ಯಕ್ಕೆ ‘ಉಚಿತ’ ಬೇರೆ, ‘ಸ್ವತಂತ್ರ’ ಬೇರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಅನ್ನುವ ಸ್ವತಂತ್ರ ತಂತ್ರಾಂಶದ ಯೋಜನೆ ಘೋಷಿಸಿದಾಗ ಕೇಳಿದ್ದು ಸ್ವಾತಂತ್ರ್ಯವನ್ನು. ಬೇಕಾದ ಹಾಗೆ ಬಳಸಬಹುದು. ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು. ಇನ್ನೊಬ್ಬರಿಗೆ ಕೊಡಬಹುದು. ತಿದ್ದಿ, ತಿದ್ದಿದ್ದನ್ನೂ ಹಂಚಬಹುದು. ಶಾಲೆಗೆ ಎಲ್ಲಕ್ಕಿಂತ ಮುಖ್ಯ ಆ ಬಿಚ್ಚಿ ನೋಡುವುದು. ನಾನು ಪಿಯುಸಿಯಲ್ಲಿ ಒಂದು ಸಣ್ಣ ಪೈಥಾನ್ ಆಟದ ಕೋಡ್ ತೆರೆದು ಚೆಂಡಿನ ವೇಗದ ಅಂಕಿ ಬದಲಾಯಿಸಿ ನೋಡಿದೆ. ಇಂಜಿನಿಯರಿಂಗ್ ಸೇರುವ ಮನಸ್ಸು ಬಂದಿದ್ದು ಆವತ್ತು.

ಕೇರಳ ನೋಡಿ. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. ಶಿಕ್ಷಕರೇ ನಿಂತು ಅದನ್ನು ಸ್ವತಂತ್ರ ತಂತ್ರಾಂಶದ ಕಡೆ ತಂದರು. ಈಗ ಅದು ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಆಗಿದೆ. ಲಿಟಲ್ ಕೈಟ್ಸ್ ಅಂತ ಪ್ರೌಢಶಾಲೆಗಳಲ್ಲಿ ಮಕ್ಕಳ ಕ್ಲಬ್ಬೂ ಇದೆ.

ಅರಸೀಕೆರೆ ತೆಂಗು · ಸೋಮವಾರ ಮಧ್ಯಾಹ್ನ 1.30

ಕೇರಳದಲ್ಲೂ ಸರ್ಕಾರವೇ ಆರಿಸಿದ್ದು ಅಲ್ವಾ? ಅಲ್ಲಿ ಲಿನಕ್ಸ್ ಕಡ್ಡಾಯ, ಇಲ್ಲಿ ವಿಂಡೋಸ್ ಕಡ್ಡಾಯ. ಎರಡರಲ್ಲೂ ಮಗುವಿಗೆ ಆಯ್ಕೆ ಎಲ್ಲಿದೆ? ನಾನು ಜಗಳಕ್ಕೆ ಕೇಳುತ್ತಿಲ್ಲ. ನನಗೂ ಇಬ್ಬರು ಮಕ್ಕಳಿದ್ದಾರೆ, ನಿಜವಾಗಲೂ ತಿಳಿದುಕೊಳ್ಳಬೇಕು. ಹದಿಮೂರು ವರ್ಷದ ಮಗುವಿಗೆ ಸಾಫ್ಟ್‌ವೇರ್ ಆರಿಸಿಕೋ ಅಂದರೆ ಅದಕ್ಕೆ ಏನು ಗೊತ್ತಾಗುತ್ತೆ?

ಪಶ್ಚಿಮದ ಮಳೆ · ಸೋಮವಾರ ಸಂಜೆ 5.45

ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಸಲೀಸಲ್ಲ.

ಲ್ಯಾಬಿನಲ್ಲಿ ಯಾವುದೋ ಒಂದನ್ನು ಶಾಲೆ ಆರಿಸಲೇಬೇಕು. ನಾನೂ ಆರಿಸಿದೆ. ಮಕ್ಕಳನ್ನು ಕೇಳಿ ಹಾಕಲಿಲ್ಲ, ನಿಜ. ಆದರೆ ಲ್ಯಾಬಿನಲ್ಲಿ ಆರಿಸಿದ್ದು ಮಗುವಿನ ಮನೆವರೆಗೂ ಹೋಗಬಾರದು. ನನ್ನ ಶಾಲೆಯ ಮಗು ಮನೆಯಲ್ಲಿ ವಿಂಡೋಸ್‌ನಲ್ಲಿ ಮಾಡಿ ತಂದರೂ ತಗೊಂಡಿದ್ದೇನೆ. ಮೊಬೈಲಿನಲ್ಲಿ ಬರೆದು ತಂದರೂ ತಗೊಂಡಿದ್ದೇನೆ. ಒಬ್ಬ ಹುಡುಗ ಸೈಬರ್‌ನಲ್ಲಿ ಕೂತು ಮಾಡಿದ್ದ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು. ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಅದು ಎಲ್ಲ ಕಡೆಯೂ ಒಂದೇ ತರ ಕಾಣುತ್ತದೆ, ಫಾಂಟ್ ಒಳಗೇ ಇರುತ್ತದೆ.

ಮಗುವಿಗೆ ಏನು ಗೊತ್ತಾಗುತ್ತೆ ಅಂದಿರಿ. ಎರಡು ಕೊಟ್ಟು ನೋಡಿ. ಎಂಟನೇ ಕ್ಲಾಸಿಗೆ ಒಂದು ವರ್ಷ ಚಿತ್ರ ಬಿಡಿಸುವ ತಂತ್ರಾಂಶಗಳಾದ ಟಕ್ಸ್ ಪೇಂಟ್ ಮತ್ತು ಇಂಕ್‌ಸ್ಕೇಪ್ ಎರಡನ್ನೂ ಬಿಟ್ಟಿದ್ದೆ. ಮೊದಲು ಎಲ್ಲರೂ ಟಕ್ಸ್ ಪೇಂಟ್ ಕಡೆ ಓಡಿದರು, ಅದರಲ್ಲಿ ಶಬ್ದ ಬರುತ್ತದೆ, ಮುದ್ರೆಗಳಿವೆ. ಮೂರನೇ ವಾರಕ್ಕೆ ರಂಗೋಲಿ ಹಾಕುವ ಹೆಣ್ಣುಮಕ್ಕಳೆಲ್ಲ ಇಂಕ್‌ಸ್ಕೇಪಿಗೆ ಬಂದಿದ್ದರು. ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ ಅಂತ ಅವರೇ ಕಂಡುಕೊಂಡರು. ವೆಕ್ಟರ್, ಪಿಕ್ಸೆಲ್ ಅನ್ನುವ ಪದ ನಾನು ಆಮೇಲೆ ಹೇಳಿದ್ದು.

ಲ್ಯಾಬ್ ಟೀಚರ್ · ಸೋಮವಾರ ರಾತ್ರಿ 9.10

ಪಿಡಿಎಫ್ ತಗೊಳ್ಳುವುದು ನನ್ನಿಂದ ಆಗುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಕೆಲಸದ ವಿಷಯ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ.

ಬಿಎಂ ರಸ್ತೆ ಸರ್ವಿಸ್ · ಸೋಮವಾರ ರಾತ್ರಿ 9.35

ಟೀಚರ್, ನಾನು ಕಲಿತಿದ್ದು ಆಫೀಸ್ 2003ರಲ್ಲಿ. ಪುಸ್ತಕದ ಮೆನು ಎಲ್ಲ ಬಾಯಿಪಾಠ ಇತ್ತು. ಕೆಲಸಕ್ಕೆ ಸೇರುವಷ್ಟರಲ್ಲಿ 2007 ಬಂತು, ಮೆನು ಹೋಗಿ ರಿಬ್ಬನ್ ಅನ್ನುವ ಗುಂಡಿಗಳ ಪಟ್ಟಿ ಆಯಿತು. ಕಲಿತ ಜಾಗದಲ್ಲಿ ಒಂದೂ ಇರಲಿಲ್ಲ. ಅದೇ ಕಂಪನಿ, ಅದೇ ಹೆಸರು. ಆವತ್ತು ನನ್ನನ್ನು ಉಳಿಸಿದ್ದು ಹೆಡಿಂಗ್ ಅಂದರೇನು, ಸ್ಟೈಲ್ ಅಂದರೇನು, ಟೇಬಲ್ ಯಾಕೆ ಬೇಕು ಅಂತ ತಿಳಿದಿದ್ದು. ಅದನ್ನು ಯಾವುದರಲ್ಲಿ ಕಲಿಸಿದರೂ ಮಗು ಆಡಿಟರ್ ಆಫೀಸಿನಲ್ಲಿ ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ.

ಕಾಫಿ ಹೂವು · ಮಂಗಳವಾರ ಬೆಳಿಗ್ಗೆ 7.15

ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ನುಡಿ ಫಾಂಟಿನ ವಿಷಯ ಯಾರೂ ಎತ್ತಲಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ.

ಹಳೇ ನುಡಿ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕನ್ನಡ’ ಅಂತ ಬರೆದ ಕಡೆ ಇಂಗ್ಲಿಷಿನ ಪಿ ಅಕ್ಷರ, ತಲೆ ಮೇಲೆ ಗೀಟಿರುವ ಎ, ನಡುವೆ ಒಂದು ಪೌಂಡ್ ಗುರುತು ಕಾಣುತ್ತದೆ. ಯಾಕೆಂದರೆ ಕಡತದ ಒಳಗೆ ನಿಜವಾಗಿ ಇರುವುದು ಅವೇ. ಕನ್ನಡ ಅನ್ನುವುದು ಫಾಂಟಿನ ವೇಷ ಮಾತ್ರ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥ ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಮೊಬೈಲಾದರೂ ಲಿನಕ್ಸಾದರೂ ವಿಂಡೋಸಾದರೂ ಅದೇ. ನಿಮ್ಮ ಮಗಳು ಬರೆದಿದ್ದು ಯೂನಿಕೋಡ್. ಅವಳು ಮಾಡಿದ್ದೇ ಸರಿ.

ನುಡಿಯನ್ನು ನಾನು ಹೀಗಳೆಯುತ್ತಿಲ್ಲ. ಕನ್ನಡ ಗಣಕ ಪರಿಷತ್ತಿನವರು (ಕಗಪ) ಮಾಡಿದ ದೊಡ್ಡ ಕೆಲಸ ಅದು. ಹೊಸ ನುಡಿ ಯೂನಿಕೋಡ್‌ನಲ್ಲೂ ಬರೆಯುತ್ತದೆ. ಅದರ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಅದೇ ಕಗಪ ಕೀಲಿಮಣೆ ಲಿನಕ್ಸಿನ ಸೆಟ್ಟಿಂಗ್ಸ್ ಒಳಗೆ ಮೊದಲಿಂದಲೇ ಕೂತಿದೆ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಆರಿಸಿದರೆ ಸಾಕು, ಏನನ್ನೂ ಹೊಸದಾಗಿ ಹಾಕುವುದು ಬೇಡ.

ನಮ್ಮೂರಲ್ಲಿ ಕೂತು ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಗುದ್ದಾಡಿದರು ಅಂತ ನಾವೆಲ್ಲ ನೋಡಿದ್ದೇವೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅವರು ಹೋಗಿ, 2007ರಿಂದ ಇಲ್ಲಿಗೆ, ಎಷ್ಟು ವರ್ಷ ಆಯಿತು ನೋಡಿ. ಇನ್ನೂ ಒಂದು ಮಗು ಸರಿಯಾಗಿ ಕನ್ನಡದಲ್ಲಿ ಬರೆದು ತಂದರೆ ತಪ್ಪು ಅಂತ ವಾಪಸ್ ಕಳಿಸುತ್ತಿದ್ದೇವೆ. ನನಗೆ ಹೊಟ್ಟೆ ಉರಿಯುತ್ತದೆ.

ಅರಸೀಕೆರೆ ತೆಂಗು · ಮಂಗಳವಾರ ಮಧ್ಯಾಹ್ನ 2.00

ನಮ್ಮ ಮಕ್ಕಳ ಶಾಲೆಯಲ್ಲಿ ಹೋಂವರ್ಕ್ ಒಂದು ಆ್ಯಪ್‌ನಲ್ಲೇ ಬರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ನನ್ನ ನಂಬರ್, ಫೋಟೋ ಎಲ್ಲ ಕೊಟ್ಟರೇ ಒಳಗೆ ಹೋಗುವುದು. ಬೇಡ ಅಂದರೆ ಹೋಂವರ್ಕ್ ಇಲ್ಲ. ಇದೂ ಈ ಮಾತಿಗೆ ಸೇರುತ್ತಾ?

ಎರಡನೇ ವರ್ಷ ಸಿಎಸ್ · ಮಂಗಳವಾರ ಸಂಜೆ 6.30

ಖಂಡಿತ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ. ಅವರ ವಿವರ ತಗೊಳ್ಳುವ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಅದರಲ್ಲಿದೆ. ಒಪ್ಪದಿದ್ದರೆ ಹೋಂವರ್ಕೇ ಇಲ್ಲ ಅಂದರೆ ಅದು ಮನಸಾರೆ ಕೊಟ್ಟ ಒಪ್ಪಿಗೆ ಹೇಗಾಗುತ್ತದೆ? ಡೈರಿಯಲ್ಲಿ ಬರೆಸಿ ಕಳಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಇನ್ನಿಬ್ಬರು ಪೋಷಕರ ಸಹಿಯೂ ಇರಲಿ.

ಹತ್ತನೇ ಕ್ಲಾಸ್ · ಮಂಗಳವಾರ ರಾತ್ರಿ 8.20

ನಾನು ಬೇಲೂರು ಕಡೆ. ದೊಡ್ಡವರೇ ಮಾತಾಡುತ್ತಿದ್ದೀರಿ, ನಾನೂ ಒಂದು ಹೇಳುತ್ತೇನೆ. ನನಗೆ ವಿಂಡೋಸೂ ಇಷ್ಟ, ಲಿನಕ್ಸೂ ಇಷ್ಟ. ಬೇಜಾರಾಗೋದು ಲ್ಯಾಬಿನಲ್ಲಿ ಸುಮ್ನೆ ಏನಾದರೂ ಒತ್ತಿ ನೋಡಿದರೆ ಬೈತಾರಲ್ಲ, ಅದಕ್ಕೆ. ಸ್ಟೆಲೇರಿಯಂ ಹಾಕಿ ಅಂತ ಕೇಳಿದೆ, ನಕ್ಷತ್ರ ನೋಡೋದಕ್ಕೆ. ಸಿಲಬಸ್‌ನಲ್ಲಿ ಇಲ್ಲ ಅಂದರು.

ಪಶ್ಚಿಮದ ಮಳೆ · ಮಂಗಳವಾರ ರಾತ್ರಿ 9.00

ಮಗೂ, ಮತ್ತೆ ಕೇಳು. ಈ ಸಲ ನಿನ್ನ ವಿಜ್ಞಾನದ ಟೀಚರನ್ನು ಕೇಳು. ನಿಮ್ಮೂರ ಹೆಸರು ಕೊಟ್ಟರೆ ನಿಮ್ಮೂರ ಆಕಾಶವೇ ಬರುತ್ತದೆ ಅಂತ ಹೇಳು. ತೋರಿಸುವಾಗ ಟೀಚರೂ ಜೊತೆಗಿರಲಿ.

ಹೇಮಾವತಿ ದಂಡೆ · ಶನಿವಾರ ಸಂಜೆ 4.10

ಶಾಲೆಗೆ ಹೋಗಿ ಬಂದೆ. ನೀವೆಲ್ಲ ಇಷ್ಟು ಬರೆದಿರಿ, ಆಗಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಜಗಳ ಮಾಡಲಿಲ್ಲ. ‘ಸರ್, ನಿಮ್ಮ ಕಂಪ್ಯೂಟರಿನಲ್ಲೇ ಒಂದು ಸಲ ತೆರೆದು ನೋಡಿ’ ಅಂತ ಪೆನ್‌ಡ್ರೈವ್ ಕೊಟ್ಟೆ. ಅವರು ಮೊದಲು ಸ್ಕ್ಯಾನ್ ಮಾಡಿದರು, ಆಮೇಲೆ ಡಬಲ್ ಕ್ಲಿಕ್ ಮಾಡಿದರು. ವರ್ಡ್‌ನಲ್ಲೇ ತೆರೆಯಿತು. ಪೂರ್ತಿ ಕನ್ನಡ, ಒಂದಕ್ಷರ ಕೆಡಲಿಲ್ಲ. ಎಂಟು ಪುಟ ಒಂಬತ್ತಾಗಿತ್ತು. ಅವಳು ಬಳಸಿದ್ದ ನೋಟೋ ಫಾಂಟ್ ಅಲ್ಲಿ ಇರಲಿಲ್ಲ, ಅದರ ಬದಲು ನಿರ್ಮಲಾ ಬಂದು ಸಾಲುಗಳು ಸರಿದಿದ್ದವು. ಕೆರೆಯ ನಕ್ಷೆ ಮುಂದಿನ ಪುಟಕ್ಕೆ ಜಾರಿತ್ತು. ಮಗಳೇ ಅದನ್ನು ಗುರುತಿಸಿ ‘ಸರ್, ಚಿತ್ರವನ್ನ ಪ್ಯಾರಾಗೆ ಕಟ್ಟಿರಲಿಲ್ಲ, ಅದಕ್ಕೆ’ ಅಂದಳು. ಅವರು ‘ಹೌದಾ, ಎಲ್ಲಿ ತೋರಿಸು’ ಅಂತ ಕುರ್ಚಿ ಬಿಟ್ಟುಕೊಟ್ಟರು.

ಯಾಕೆ ಬೇಡ ಅಂದಿದ್ದೆ ಅಂತ ಅವರೇ ಹೇಳಿದರು. ಹೋದ ವರ್ಷ ಯಾರದ್ದೋ ಫೈಲಿನಿಂದ ವೈರಸ್ ಬಂದು ಅಂಕಪಟ್ಟಿ ಎಲ್ಲ ಹೋಗಿತ್ತಂತೆ. ಗೊತ್ತಿಲ್ಲದ ಫೈಲ್ ಮುಟ್ಟುವುದಕ್ಕೇ ಹೆದರಿಕೆ. ಆ ಭಯ ನನಗೆ ಅರ್ಥ ಆಯಿತು. ಪಿಡಿಎಫ್ ತಗೊಂಡರೆ ಆಗಬಹುದಾ ಅಂತ ಕೇಳಿದೆ. ತಮ್ಮ ವಿಷಯಕ್ಕೆ ಮುಂದಿನ ಪ್ರಾಜೆಕ್ಟಿನಿಂದ ಪಿಡಿಎಫ್, ಓಡಿಟಿ, ವರ್ಡಿನ ಡಾಕ್ಸ್ ಯಾವುದಾದರೂ ಸರಿ, ಕನ್ನಡ ಆದರೆ ಯೂನಿಕೋಡ್ ಅಂತ ಕ್ಲಾಸಿನ ಬೋರ್ಡಿನ ಮೇಲೆ ಬರೆಸುತ್ತೇನೆ ಅಂದರು. ಇಡೀ ಶಾಲೆಗೆ ಅದನ್ನು ಮಾಡಬೇಕು ಅಂದರೆ ಆಡಳಿತ ಮಂಡಳಿ ಒಪ್ಪಬೇಕಂತೆ. 2012ರ ನೀತಿಯ ಪ್ರತಿ ಒಂದು ಮುದ್ರಿಸಿ ಅರ್ಜಿ ಜೊತೆ ಕೊಟ್ಟು ಬಂದಿದ್ದೇನೆ. ಒಂಬತ್ತು ಪೋಷಕರ ಸಹಿ ಆಗಿದೆ. ಇನ್ನೂ ಮಾಡಿಸುತ್ತೇನೆ.

ಅಂಕದ ಮಾತು ನಾನು ಎತ್ತಲಿಲ್ಲ. ಹೊರಡುವ ಹೊತ್ತಿಗೆ ಅವರು ಐದನೇ ಪುಟದಲ್ಲಿದ್ದರು. ತೂಬಿನ ಫೋಟೋ ದೊಡ್ಡದು ಮಾಡಿ ‘ಇದು ಕಲ್ಲಿನ ತೂಬಾ? ಈಗಲೂ ಇದರಲ್ಲೇ ನೀರು ಬಿಡ್ತಾರಾ?’ ಅಂತ ಕೇಳಿದರು. ಅವಳು ಹೇಳುವುದಕ್ಕೆ ಶುರು ಮಾಡಿದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಅರ್ಧ ಗಂಟೆ ಕಾದೆ.